ಹೃದಯ ನೀಡುವ ಮುನ್ಸೂಚನೆ

ಮನುಷ್ಯದೇಹದ ಅವಯವಗಳಲ್ಲಿ ಹೃದಯದಷ್ಟು ಎಡೆಬಿಡದೆ ದುಡಿಯುವ ಅವಯವ ಮತ್ತೊಂದಿಲ್ಲ. ತಾಯಿಯ ಗರ್ಭದಲ್ಲಿರುವಾಗಲೇ ಅದು ಕೆಲಸಕ್ಕೆ ತೊಡಗುತ್ತದೆ. ಕೊನೆಯ ಉಸಿರಿನವರೆಗೆ ಅದಕ್ಕೆ ಬಿಡುವೆಂಬುದೇ ಇಲ್ಲ. ಗಾತ್ರದಲ್ಲಿ ಅದು ಅವರವರ ಮುಷ್ಟಿಯಷ್ಟು. ತೂಕದಲ್ಲಿ ಸುಮಾರು 300 ಗ್ರಾಂ. ನಿಮಿಷಕ್ಕೆ ಸುಮಾರು 72 ಸಲ ಮಿಡಿಯುವ ಈ ಪುಟ್ಟ ಅವಯವವು ಒಂದು ಹಗಲು, ಒಂದು ರಾತ್ರಿ ಕಳೆಯುವಷ್ಟರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸಲ ಮಿಡಿದು, ಸುಮಾರು 7,000 ಲೀಟರು ರಕ್ತವನ್ನು ದೇಹದಾದ್ಯಂತ ನೂಕಿರುತ್ತದೆ. ನಾವು ನಿದ್ದೆ ಮಾಡುವಾಗಲೂ ಅದು ಎಚ್ಚರವಾಗಿರುತ್ತದೆ. ಅದರ ಇರವೇ ನಮಗೆ ಮರೆತುಹೋಗುವಷ್ಟು ಸದ್ದಿಲ್ಲದೆ ಅದು ತನ್ನ ಕಾಯಕವನ್ನು ನಡೆಸುತ್ತದೆ.

ಇಂತಹ ಹೃದಯವು ಕೆಲವೊಮ್ಮೆ ಯಾವ ಸುಳಿವನ್ನೂ ಕೊಡದೆ ಫಕ್ಕನೆ ನಿಂತುಬಿಡುವುದುಂಟು. ಬೆಳಿಗ್ಗೆ ನಗುನಗುತ್ತಾ ಮಾತನಾಡಿದವರು ಮಧ್ಯಾಹ್ನಕ್ಕೆ ಇಲ್ಲವೆಂಬ ಸುದ್ದಿ ಬರುತ್ತದೆ. ತೊಂದರೆ ಕಾಣಿಸಿಕೊಂಡ ಒಂದು ಗಂಟೆಯೊಳಗಾಗಿ, ಹೃದಯದ ಕಾರಣದಿಂದ, ಅನಿರೀಕ್ಷಿತವಾಗಿ ಸಂಭವಿಸುವ ಸಾವನ್ನು ವೈದ್ಯರು ‘ಹಠಾತ್ ಹೃದಯ ಮರಣ’ ಎಂದು ಕರೆಯುತ್ತಾರೆ. 2021ರ ಅಕ್ಟೋಬರ್ 29ರಂದು ಕನ್ನಡದ ಜನಪ್ರಿಯ ಚಿತ್ರನಟ ಪುನೀತ್ ರಾಜ್‌ಕುಮಾರ್ ಅವರು ತಮ್ಮ 46ನೆಯ ವಯಸ್ಸಿನಲ್ಲಿ ಹೀಗೆ ಅಗಲಿದಾಗ ನಾಡಿಗೆ ನಾಡೇ ದಿಗ್ಭ್ರಮೆಗೊಂಡಿತು. ಆ ಬಳಿಕ ಹೃದ್ರೋಗದ ಆಸ್ಪತ್ರೆಗಳ ಮುಂದೆ ಪರೀಕ್ಷೆಗಾಗಿ ಜನರು ಸಾಲುಗಟ್ಟಿ ನಿಂತರು. ಎಲ್ಲರ ಮನಸ್ಸಿನಲ್ಲಿಯೂ ಇದ್ದ ಪ್ರಶ್ನೆ ಒಂದೇ: ಇಂತಹ ಆಪತ್ತನ್ನು ಮೊದಲೇ ತಿಳಿಯಲು ಸಾಧ್ಯವಿಲ್ಲವೆ? ವೈದ್ಯವಿಜ್ಞಾನವು ಈ ಪ್ರಶ್ನೆಯನ್ನು ಬಹುಕಾಲದಿಂದ ಕೇಳಿಕೊಳ್ಳುತ್ತಿದೆ. ಅದಕ್ಕೆ ದೊರೆತಿರುವ ಉತ್ತರವೆಷ್ಟು, ದೊರೆಯಬೇಕಾದ ಉತ್ತರವೆಷ್ಟು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಎರಡು ಮಾತುಗಳ ವ್ಯತ್ಯಾಸವನ್ನು ತಿಳಿಯಬೇಕು. ಹೃದಯಾಘಾತವೂ ಹೃದಯಸ್ತಂಭನವೂ ಒಂದೇ ಎಂದು ಅನೇಕರು ಭಾವಿಸುತ್ತಾರೆ. ದೇಹಕ್ಕೆಲ್ಲ ರಕ್ತವನ್ನು ಹಂಚುವ ಹೃದಯಕ್ಕೂ ತನ್ನ ಪಾಲಿನ ರಕ್ತ ಬೇಕಷ್ಟೆ. ಅದನ್ನು ಒದಗಿಸುವ ರಕ್ತನಾಳಗಳು ಕಿರೀಟದಂತೆ ಹೃದಯವನ್ನು ಸುತ್ತುವರಿದಿರುವುದರಿಂದ ಅವುಗಳಿಗೆ ಕಿರೀಟಧಮನಿಗಳೆಂದು ಹೆಸರು. ಇವುಗಳಲ್ಲೊಂದು ಕಟ್ಟಿಕೊಂಡರೆ ಅದರ ಆಶ್ರಯದಲ್ಲಿರುವ ಹೃದಯದ ಸ್ನಾಯು ಉಸಿರುಗಟ್ಟಿ ಸಾಯತೊಡಗುತ್ತದೆ. ಇದು ಹೃದಯಾಘಾತ. ಹೃದಯಾಘಾತವಾದವರು ಎದೆನೋವಿನಿಂದ ನರಳುತ್ತಿದ್ದರೂ ಅವರ ಹೃದಯ ಮಿಡಿಯುತ್ತಲೇ ಇರಬಹುದು. ಹೃದಯಸ್ತಂಭನದಲ್ಲಾದರೋ ಮಿಡಿತವೇ ನಿಂತು, ಮನುಷ್ಯನು ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಮೊದಲನೆಯದು ಕಾಲುವೆ ಕಟ್ಟಿಕೊಂಡಂತೆ. ಎರಡನೆಯದು ನೀರೆತ್ತುವ ಯಂತ್ರಕ್ಕೆ ವಿದ್ಯುತ್ತಿನ ದೋಷ ತಗುಲಿದಂತೆ. ಮೊದಲನೆಯದು ಎರಡನೆಯದಕ್ಕೆ ದಾರಿಮಾಡಿಕೊಡುವುದು ಸಾಮಾನ್ಯವಾದುದರಿಂದಲೇ ಜನರು ಎರಡನ್ನೂ ಒಂದಾಗಿ ಎಣಿಸುವುದು.

ಹೃದಯದಲ್ಲಿ ವಿದ್ಯುತ್ತು ಎಲ್ಲಿಂದ ಬಂದಿತೆಂದು ನೀವು ಕೇಳಬಹುದು. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಒಂದು ಸಣ್ಣ ಅಂಗಾಂಶವಿದೆ. ಅಲ್ಲಿ ಹುಟ್ಟುವ ಕ್ಷೀಣವಾದ ವಿದ್ಯುತ್ ಅಲೆಯು ಹೃತ್ಕರ್ಣಗಳನ್ನು ದಾಟಿ, ನಡುವೆ ಒಂದು ಗಂಟಿನ ಬಳಿ ಕ್ಷಣಕಾಲ ತಡೆದು, ಹೃತ್ಕುಕ್ಷಿಗಳಿಗೆ ಹರಡುತ್ತದೆ. ನಡುವಣ ಗಂಟನ್ನು ಜಪಾನಿನ ಸುನಾವೊ ತವಾರ 1906ರಲ್ಲಿ ವಿವರಿಸಿದನು. ಅಲೆ ಹುಟ್ಟುವ ತಾಣವನ್ನು 1907ರಲ್ಲಿ ಲೋಕಕ್ಕೆ ತಿಳಿಸಿದವರು ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್. ಫ್ಲ್ಯಾಕ್ ಆಗ ಇನ್ನೂ ವೈದ್ಯವಿದ್ಯಾರ್ಥಿ. ಗುರುವಾದ ಕೀತ್ ಸೈಕಲ್ ಏರಿ ತಿರುಗಾಡಲು ಹೋಗಿದ್ದಾಗ, ನೆಲ ಕೊರೆಯುವ ಮೋಲ್ ಎಂಬ ಪುಟ್ಟ ಪ್ರಾಣಿಯ ಹೃದಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ ಶಿಷ್ಯನ ಕಣ್ಣಿಗೆ ಅದು ಮೊದಲು ಬಿದ್ದಿತು.

ಈ ಅಲೆಯು ಕ್ರಮವಾಗಿ ಹರಡಿದರೆ ಮಾತ್ರ ಹೃದಯ ಮಿಡಿಯುತ್ತದೆ. ಜಾತ್ರೆಯಲ್ಲಿ ತೇರೆಳೆಯುವುದನ್ನು ನೀವು ಕಂಡಿದ್ದೀರಿ. ನೂರಾರು ಜನರು ಒಂದೇ ದನಿಗೆ, ಒಂದೇ ದಿಕ್ಕಿಗೆ ಹಗ್ಗವನ್ನು ಜಗ್ಗಿದಾಗ ಅಷ್ಟು ದೊಡ್ಡ ರಥವು ಮುಂದೆ ಸರಿಯುತ್ತದೆ. ಅದೇ ಜನರು ತಮತಮಗೆ ತೋಚಿದ ಹೊತ್ತಿಗೆ, ತೋಚಿದ ಕಡೆಗೆ ಜಗ್ಗಿದರೆ ಎಲ್ಲರಿಗೂ ಬೆವರು ಬರುವುದೇ ಹೊರತು ತೇರು ಅಲುಗದು. ಹೃತ್ಕುಕ್ಷಿಯ ಸ್ನಾಯುತಂತುಗಳು ಹೀಗೆ ಹೊಂದಿಕೆ ತಪ್ಪಿ ಒಂದೊಂದೂ ಬೇರೆಬೇರೆಯಾಗಿ ನಡುಗತೊಡಗಿದರೆ ಅದನ್ನು ಹೃತ್ಕುಕ್ಷಿ ಕಂಪನ ಎನ್ನುತ್ತಾರೆ. ಆಗ ಹೃದಯದಲ್ಲಿ ಚಲನೆಯಿದ್ದರೂ ರಕ್ತ ಮುಂದೆ ಸಾಗುವುದಿಲ್ಲ. ಮನುಷ್ಯರ ಹಠಾತ್ ಮರಣಕ್ಕೆ ಈ ಕಂಪನವೇ ಕಾರಣವಾಗಿರಬಹುದೆಂದು ಸ್ಕಾಟ್ಲೆಂಡಿನ ಜಾನ್ ಮ್ಯಾಕ್‌ವಿಲಿಯಂ 1889ರಲ್ಲಿಯೇ ಬರೆದನು. ಹೃದಯವು ಸುಮ್ಮನೆ ನಿಂತುಹೋಗುವುದೆಂದು ನಂಬಿದ್ದ ಆ ಕಾಲದವರು ಅವನ ಮಾತಿಗೆ ಹೆಚ್ಚು ಬೆಲೆ ಕೊಡಲಿಲ್ಲ. ಹೃದಯದ ವಿದ್ಯುತ್ತನ್ನು ಕಾಗದದ ಮೇಲೆ ಮೂಡಿಸುವ ಇ.ಸಿ.ಜಿ. ಉಪಕರಣವನ್ನು ಹಾಲೆಂಡಿನ ವಿಲ್ಲೆಂ ಐಂಥೋವನ್ ರೂಪಿಸಿ, ಅದಕ್ಕಾಗಿ 1924ರ ನೊಬೆಲ್ ಪಾರಿತೋಷಕವನ್ನು ಪಡೆದನು. ಆ ಉಪಕರಣವು ಬಳಕೆಗೆ ಬಂದ ಮೇಲೆ ಮ್ಯಾಕ್‌ವಿಲಿಯಂನ ಊಹೆ ಸರಿಯೆಂದು ಕ್ರಮೇಣ ಸಿದ್ಧವಾಯಿತು.

ಕಂಪನವು ಆರಂಭವಾದ ಮೇಲೆ ಉಳಿದಿರುವುದು ಕೆಲವೇ ನಿಮಿಷಗಳ ಅವಕಾಶ. ಚಿಕಿತ್ಸೆಯಿಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಂಭವವು ಶೇಕಡ 7ರಿಂದ 10ರಷ್ಟು ತಗ್ಗುತ್ತಾ ಹೋಗುತ್ತದೆ. ಹಳ್ಳಿಯಿಂದ ಆಸ್ಪತ್ರೆಗೆ ಹೋಗುವ ದಾರಿ ಅದಕ್ಕಿಂತ ಉದ್ದವಾದುದು. ಆದುದರಿಂದಲೇ ಆಪತ್ತು ಯಾರ ಮೇಲೆ ಎರಗಲಿದೆಯೆಂದು ಮುಂಚೆಯೇ ಅರಿಯುವ ಹಂಬಲ ಹುಟ್ಟಿತು.

ಕಾಣದ ವಸ್ತುವನ್ನು ಕಂಡ ಚಿಹ್ನೆಯಿಂದ ಊಹಿಸುವುದು ಮನುಷ್ಯನಿಗೆ ಹೊಸದಲ್ಲ. ನಮ್ಮ ದೇಶದ ತಾರ್ಕಿಕರು ಇದಕ್ಕೆ ‘ಅನುಮಾನ’ವೆಂದು ಹೆಸರಿಟ್ಟು, ಬೆಟ್ಟದ ಮೇಲಿನ ಹೊಗೆಯ ದೃಷ್ಟಾಂತವನ್ನು ಕೊಟ್ಟರು. ಬೆಂಕಿಯು ಕಣ್ಣಿಗೆ ಕಾಣದಿದ್ದರೂ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆ ಎನ್ನುತ್ತೇವೆ. ವೈದ್ಯರು ಮಾಡುವುದೂ ಇದನ್ನೇ. ದೇಹದೊಳಗೆ ನಡೆಯುತ್ತಿರುವ ಬದಲಾವಣೆಯನ್ನು ಹೊರಗಿನಿಂದ ಅಳೆದು ತಿಳಿಸಬಲ್ಲ ಯಾವುದೇ ಚಿಹ್ನೆಗೆ ಜೈವಿಕ ಸೂಚಕವೆಂದು ಹೆಸರು. ಇಂಗ್ಲಿಷಿನಲ್ಲಿ ಇದನ್ನು ಬಯೋಮಾರ್ಕರ್ ಎಂದು ಕರೆಯುತ್ತಾರೆ. ಜ್ವರದಲ್ಲಿ ಏರುವ ಮೈಬಿಸಿ ಒಂದು ಸೂಚಕ. ಮಧುಮೇಹಿಯ ರಕ್ತದ ಸಕ್ಕರೆ ಮತ್ತೊಂದು ಸೂಚಕ. ಹೃದಯದ ವಿಷಯದಲ್ಲಿ ಅಂತಹ ಹೊಗೆಯನ್ನು ರಕ್ತದಲ್ಲಿ ಹುಡುಕುವುದೇ ಈ ಸಂಶೋಧನೆಯ ತಿರುಳು.

ಈ ಹುಡುಕಾಟಕ್ಕೆ ತಳಹದಿ ಹಾಕಿದುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಂ ಎಂಬ ಸಾಧಾರಣ ಪಟ್ಟಣ. 1948ರಲ್ಲಿ ಅಲ್ಲಿಯ 5,209 ಮಂದಿ ಸ್ತ್ರೀಪುರುಷರನ್ನು ಆರಿಸಿಕೊಂಡು, ಎರಡು ವರ್ಷಗಳಿಗೊಮ್ಮೆ ಪರೀಕ್ಷಿಸುತ್ತಾ, ಯಾರಿಗೆ ಹೃದ್ರೋಗ ಬರುವುದು, ಯಾರಿಗೆ ಬಾರದು ಎಂಬುದನ್ನು ತಾಳ್ಮೆಯಿಂದ ಗಮನಿಸತೊಡಗಿದರು. ಮುಂದೆ ಅವರ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಅಧ್ಯಯನಕ್ಕೆ ಸೇರಿಸಿಕೊಂಡರು. ರಕ್ತದ ಒತ್ತಡ, ಕೊಲೆಸ್ಟರಾಲ್ ಎಂಬ ಕೊಬ್ಬು, ಧೂಮಪಾನ ಇವು ಹೃದ್ರೋಗಕ್ಕೆ ದಾರಿಯಾಗುವ ‘ಅಪಾಯದ ಅಂಶಗಳು’ ಎಂಬ ತಿಳಿವಳಿಕೆ ಬಹುಮಟ್ಟಿಗೆ ಈ ಪಟ್ಟಣದ ಜನರಿಂದ ಜಗತ್ತಿಗೆ ಬಂದಿತು. ರೋಗ ಬಂದ ಮೇಲೆ ಕಾರಣ ಹುಡುಕುವುದಕ್ಕಿಂತ, ಆರೋಗ್ಯವಂತರನ್ನು ವರ್ಷಗಟ್ಟಲೆ ಹಿಂಬಾಲಿಸಿ ಕಾರಣವನ್ನು ಕಂಡುಕೊಳ್ಳುವ ಕ್ರಮ ಅಂದಿನಿಂದ ಬಲಗೊಂಡಿತು.

ಈಗ ರಕ್ತದಲ್ಲಿ ದೊರೆಯುವ ಸೂಚಕಗಳಲ್ಲಿ ಮುಖ್ಯವಾದ ಕೆಲವನ್ನು ನೋಡೋಣ. ಮೊದಲನೆಯದು ಟ್ರೋಪೊನಿನ್ ಎಂಬ ಪ್ರೋಟೀನು. ಸ್ನಾಯುವಿನ ಸಂಕೋಚನವನ್ನು ನಿಯಂತ್ರಿಸುವ ಈ ವಸ್ತುವನ್ನು ಜಪಾನಿನ ಸೆತ್ಸುರೊ ಎಬಾಶಿ ಮತ್ತು ಅವನ ಸಂಗಡಿಗರು 1960ರ ದಶಕದಲ್ಲಿ ಕಂಡುಹಿಡಿದರು. ಇದು ಇರಬೇಕಾದ ಸ್ಥಳ ಸ್ನಾಯುಕೋಶದ ಒಳಗೆ. ಕಣಜದ ಗೋಡೆ ಬಿರುಕು ಬಿಟ್ಟರೆ ಕಾಳು ಅಂಗಳಕ್ಕೆ ಸೋರುವಂತೆ, ಹೃದಯದ ಕೋಶಗಳಿಗೆ ಪೆಟ್ಟು ಬಿದ್ದಾಗ ಟ್ರೋಪೊನಿನ್ ರಕ್ತಕ್ಕೆ ಸೋರುತ್ತದೆ. ಹೃದಯದ ಟ್ರೋಪೊನಿನ್ನಿಗೂ ಕೈಕಾಲುಗಳ ಟ್ರೋಪೊನಿನ್ನಿಗೂ ರಚನೆಯಲ್ಲಿ ತುಸು ವ್ಯತ್ಯಾಸವಿರುವುದರಿಂದ, ಸೋರಿಕೆ ಹೃದಯದ್ದೇ ಎಂದು ಗುರುತಿಸಬಹುದು. 1980ರ ದಶಕದ ಕೊನೆಯಲ್ಲಿ ಜರ್ಮನಿಯ ಹ್ಯೂಗೊ ಕಾಟುಸ್ ಮೊದಲಾದವರು ಇದನ್ನು ಅಳೆಯುವ ಪರೀಕ್ಷೆಗಳನ್ನು ರೂಪಿಸಿದರು. ಹೃದಯಾಘಾತವನ್ನು ಖಚಿತಪಡಿಸಲು ಇಂದು ಆಸ್ಪತ್ರೆಗಳಲ್ಲಿ ಈ ಪರೀಕ್ಷೆಯನ್ನೇ ಆಶ್ರಯಿಸುತ್ತಾರೆ. ಈಚಿನ ಸೂಕ್ಷ್ಮ ಪರೀಕ್ಷೆಗಳು ಒಂದು ಲೀಟರು ರಕ್ತದ್ರವದಲ್ಲಿ ಕೆಲವೇ ನ್ಯಾನೋಗ್ರಾಂ ಇದ್ದರೂ ಅದನ್ನು ಅಳೆಯಬಲ್ಲವು. ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲಿಗೆ ನ್ಯಾನೋಗ್ರಾಂ ಎಂದು ಹೆಸರು! ಎದೆನೋವಿಲ್ಲದವರಲ್ಲಿಯೂ ಈ ಪ್ರಮಾಣವು ತುಸು ಏರಿದ್ದರೆ ಅವರಿಗೆ ಮುಂದೆ ಹೃದ್ರೋಗದ ಅಪಾಯ ಹೆಚ್ಚೆಂದು ಹಲವು ಅಧ್ಯಯನಗಳಿಂದ ತಿಳಿದುಬಂದಿದೆ.

ಎರಡನೆಯ ಸೂಚಕದ ಕಥೆ ಇನ್ನೂ ಸ್ವಾರಸ್ಯವಾದುದು. ಹೃದಯವೆಂದರೆ ರಕ್ತವನ್ನು ನೂಕುವ ಯಂತ್ರವಷ್ಟೆ ಎಂದು ತಿಳಿದಿದ್ದ ಕಾಲದಲ್ಲಿ, 1981ರಲ್ಲಿ, ಕೆನಡಾದ ಅಡಾಲ್ಫೊ ಡಿ ಬೋಲ್ಡ್ ಮತ್ತು ಅವನ ಸಂಗಡಿಗರು ಇಲಿಯ ಹೃತ್ಕರ್ಣದ ಸಾರವನ್ನು ಬೇರೆ ಇಲಿಗಳಿಗೆ ಚುಚ್ಚಿ ನೋಡಿದರು. ಆ ಇಲಿಗಳು ಹೇರಳವಾಗಿ ಉಪ್ಪನ್ನೂ ನೀರನ್ನೂ ಮೂತ್ರದಲ್ಲಿ ಹೊರಹಾಕಿದವು. ಹೃದಯವು ಮೂತ್ರಪಿಂಡಗಳಿಗೆ ಸಂದೇಶ ಕಳುಹಿಸುವ ಗ್ರಂಥಿಯೂ ಹೌದೆಂಬುದು ಇದರಿಂದ ಸಿದ್ಧವಾಯಿತು. 1988ರಲ್ಲಿ ಜಪಾನಿನ ವಿಜ್ಞಾನಿಗಳು ಇದೇ ಜಾತಿಯ ಇನ್ನೊಂದು ವಸ್ತುವನ್ನು ಹಂದಿಯ ಮಿದುಳಿನಿಂದ ಬೇರ್ಪಡಿಸಿದರು. ಮಿದುಳಿನಲ್ಲಿ ದೊರೆತುದರಿಂದ ಅದಕ್ಕೆ ಮಿದುಳಿನ ಹೆಸರೇ ನಿಂತಿತು; ಅದರ ಸಂಕ್ಷಿಪ್ತ ನಾಮ ಬಿ.ಎನ್.ಪಿ. ಆದರೆ ಅದು ಮುಖ್ಯವಾಗಿ ಹುಟ್ಟುವುದು ಹೃತ್ಕುಕ್ಷಿಗಳಲ್ಲಿ ಎಂಬುದು ಬಳಿಕ ತಿಳಿಯಿತು. ಭಾರ ತಡೆಯಲಾರದೆ ಹೃದಯದ ಗೋಡೆ ಹಿಗ್ಗಿದಾಗಲೆಲ್ಲ ಬಿ.ಎನ್.ಪಿ. ರಕ್ತಕ್ಕೆ ಬಿಡುಗಡೆಯಾಗುತ್ತದೆ. ಸೋತ ಹೃದಯದ ಮೊರೆ ಇದೆಂದು ಹೇಳಬಹುದು. ಆಸ್ಟ್ರಿಯಾದ ವೈದ್ಯರು ಹೃದಯ ದುರ್ಬಲವಾಗಿದ್ದ 452 ರೋಗಿಗಳ ರಕ್ತದಲ್ಲಿ ಇದನ್ನು ಅಳೆದು, ಪ್ರಮಾಣ ಹೆಚ್ಚಿದ್ದವರಲ್ಲಿಯೇ ಹಠಾತ್ ಮರಣಗಳೂ ಹೆಚ್ಚಾಗಿ ಸಂಭವಿಸಿದುವೆಂದು 2002ರಲ್ಲಿ ಪ್ರಕಟಿಸಿದರು. ಹಿಗ್ಗಿದ ಗೋಡೆಯಲ್ಲಿ ವಿದ್ಯುತ್ ಅಲೆಯು ದಾರಿತಪ್ಪುವ ಸಂಭವ ಹೆಚ್ಚಾದುದರಿಂದ ಈ ಫಲಿತಾಂಶವು ತರ್ಕಕ್ಕೂ ಹೊಂದುತ್ತದೆ.

ಮೂರನೆಯದು ಸಿ.ಆರ್.ಪಿ. ಎಂಬ ಪ್ರೋಟೀನು. ಇದನ್ನು 1930ರಲ್ಲಿ ನ್ಯೂಯಾರ್ಕಿನಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಗುರುತಿಸಿದರು. ದೇಹದಲ್ಲಿ ಎಲ್ಲಿಯೇ ಉರಿಯೂತವಿರಲಿ, ಯಕೃತ್ತು ಇದನ್ನು ಹೆಚ್ಚು ಹೆಚ್ಚಾಗಿ ತಯಾರಿಸುತ್ತದೆ. ಕಿರೀಟಧಮನಿಯ ಗೋಡೆಗೆ ಕೊಬ್ಬು ಮೆತ್ತಿಕೊಳ್ಳುವುದರಲ್ಲಿಯೂ ಉರಿಯೂತದ ಪಾತ್ರವಿರುವುದರಿಂದ ವಿಜ್ಞಾನಿಗಳ ದೃಷ್ಟಿ ಇತ್ತ ಹರಿಯಿತು.

ವರ್ಷಗಳ ಹಿಂದಿನ ರಕ್ತದಿಂದ ಮುಂದಿನ ಸಾವನ್ನು ಹೇಗೆ ಅಭ್ಯಸಿಸುತ್ತಾರೆ? ಇದಕ್ಕೆ ಅಮೆರಿಕದ ವೈದ್ಯರ ಒಂದು ಅಧ್ಯಯನವನ್ನು ಉದಾಹರಿಸಬಹುದು. 1982ರಲ್ಲಿ ಆರಂಭವಾದ ಅದರಲ್ಲಿ 22,071 ಮಂದಿ ಪುರುಷ ವೈದ್ಯರು ತಾವೇ ಪ್ರಯೋಗಕ್ಕೆ ಒಳಪಟ್ಟರು. ಅವರಲ್ಲಿ ಬಹುಮಂದಿಯ ರಕ್ತವನ್ನು ಆರಂಭದಲ್ಲಿಯೇ ತೆಗೆದು, ಹೆಪ್ಪುಗಟ್ಟಿಸಿ, ಶೈತ್ಯಾಗಾರದಲ್ಲಿ ಕಾಪಾಡಿದರು. ವರ್ಷಗಳು ಉರುಳಿದ ಮೇಲೆ, ಹಠಾತ್ತನೆ ತೀರಿಕೊಂಡವರ ರಕ್ತವನ್ನು ಹೊರತೆಗೆದು, ಅದೇ ವಯಸ್ಸಿನ, ಅದೇ ರೂಢಿಗಳ, ಆದರೆ ಬದುಕಿರುವವರ ರಕ್ತದೊಡನೆ ಹೋಲಿಸಿದರು. ತೀರಿಕೊಂಡವರಲ್ಲಿ ಸಿ.ಆರ್.ಪಿ. ಹೆಚ್ಚಾಗಿಯೂ, ಮೀನಿನಲ್ಲಿ ದೊರೆಯುವ ಒಮೇಗಾ-3 ಎಂಬ ಕೊಬ್ಬಿನಾಮ್ಲಗಳು ಕಡಿಮೆಯಾಗಿಯೂ ಇದ್ದುವೆಂದು 2002ರಲ್ಲಿ ಎರಡು ಲೇಖನಗಳು ವರದಿ ಮಾಡಿದವು. ಎಂದೋ ಕೊಟ್ಟ ರಕ್ತವು ಕೊಟ್ಟವರು ಅಳಿದ ಮೇಲೆ ಉಳಿದವರಿಗಾಗಿ ಸಾಕ್ಷಿ ನುಡಿಯಿತು.

ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಒಮೇಗಾ-3 ಕಡಿಮೆಯಿದ್ದವರು ಹೆಚ್ಚಾಗಿ ಸತ್ತರೆಂದ ಮಾತ್ರಕ್ಕೆ, ಅದನ್ನು ಮಾತ್ರೆಯ ರೂಪದಲ್ಲಿ ನುಂಗಿದವರೆಲ್ಲ ಬದುಕುವರೆಂದು ಅರ್ಥವಲ್ಲ. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇಂತಹ ಗುಳಿಗೆಗಳಿಂದ ಹೃದಯದ ಹಾಗೂ ರಕ್ತನಾಳಗಳ ದೊಡ್ಡ ಆಪತ್ತುಗಳು ಒಟ್ಟಾರೆಯಾಗಿ ಕಡಿಮೆಯಾಗಲಿಲ್ಲ. ಸೂಚಕ ಬೇರೆ, ಕಾರಣ ಬೇರೆ. ಕೋಳಿ ಕೂಗಿದ ಮೇಲೆ ಬೆಳಗಾಗುತ್ತದೆ. ಕೋಳಿಯೇ ಬೆಳಗು ತರುವುದೆಂದು ಅಜ್ಜಿಯ ಕಥೆಯಲ್ಲಿ ಮಾತ್ರ ನಂಬುತ್ತೇವೆ.

ರಕ್ತದ ಸೂಚಕಗಳಂತೆಯೇ ವಂಶದ ಸೂಚಕಗಳೂ ಇವೆ. 1957ರಲ್ಲಿ ನಾರ್ವೆಯ ಜೆರ್ವೆಲ್ ಮತ್ತು ಲಾಂಗೆ-ನೀಲ್ಸನ್ ಎಂಬ ವೈದ್ಯರು ಒಂದು ಕುಟುಂಬದ ವೃತ್ತಾಂತವನ್ನು ಪ್ರಕಟಿಸಿದರು. ಆ ಮನೆಯ ಆರು ಮಕ್ಕಳಲ್ಲಿ ನಾಲ್ವರು ಹುಟ್ಟುಕಿವುಡರಾಗಿದ್ದು, ಆಗಾಗ ಮೂರ್ಛೆ ಹೋಗುತ್ತಿದ್ದರು. ಅವರಲ್ಲಿ ಮೂವರು ಎಳೆವಯಸ್ಸಿನಲ್ಲಿಯೇ ಫಕ್ಕನೆ ತೀರಿಕೊಂಡರು. ಆ ಮಕ್ಕಳ ಇ.ಸಿ.ಜಿ.ಯಲ್ಲಿ ಒಂದು ಮಿಡಿತದ ನಂತರ ಹೃದಯವು ಮತ್ತೆ ಸಿದ್ಧವಾಗಲು ತೆಗೆದುಕೊಳ್ಳುವ ಅವಧಿಯು ಉದ್ದವಾಗಿತ್ತು. ಇಂತಹ ದೋಷಗಳಿಗೆ ಕಾರಣವಾದ ಜೀನ್‌ಗಳನ್ನು 1990ರ ದಶಕದಿಂದೀಚೆಗೆ ಒಂದೊಂದಾಗಿ ಗುರುತಿಸಲಾಗಿದೆ.

ನಮ್ಮ ದೇಶಕ್ಕೆ ಸಂಬಂಧಿಸಿದ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಹೃದಯಸ್ನಾಯುವಿನ ಪ್ರೋಟೀನೊಂದನ್ನು ರಚಿಸುವ ಜೀನಿನಲ್ಲಿ 25 ‘ಅಕ್ಷರ’ಗಳು ಲೋಪವಾಗಿರುವ ಒಂದು ರೂಪವು ದಕ್ಷಿಣ ಏಷ್ಯಾದ ಜನರಲ್ಲಿ ಸುಮಾರು ಶೇಕಡ 4 ಮಂದಿಯಲ್ಲಿದೆ. ಹೃದಯಸ್ನಾಯುವಿನ ರೋಗಕ್ಕೂ ಇದಕ್ಕೂ ಸಂಬಂಧವಿದೆಯೆಂದು ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಇತರರೊಡನೆ ಸೇರಿ 2009ರಲ್ಲಿ ಪ್ರಕಟಿಸಿದರು. ಆದರೆ ಈ ಲೋಪವಿದ್ದವರೆಲ್ಲರೂ ರೋಗಿಗಳಲ್ಲ. ಅನೇಕರು ಬಹುಕಾಲ ಯಾವ ತೊಂದರೆಯೂ ಇಲ್ಲದೆ ಬಾಳುತ್ತಾರೆ.

ಅಪಾಯವನ್ನು ತಿಳಿದು ಮಾಡುವುದೇನು ಎಂಬ ಪ್ರಶ್ನೆಗೆ ಉತ್ತರವಾಗಿ ಒಬ್ಬ ಮನುಷ್ಯನ ಛಲವನ್ನು ನೆನೆಯಬೇಕು. ಪೋಲೆಂಡಿನಲ್ಲಿ ಹುಟ್ಟಿ ಇಸ್ರೇಲಿನಲ್ಲಿ ವೈದ್ಯನಾಗಿದ್ದ ಮಿಶೆಲ್ ಮಿರೊವ್‌ಸ್ಕಿಯ ಗುರುವು 1966ರಲ್ಲಿ ಹೃದಯದ ಲಯ ತಪ್ಪಿ ತೀರಿಕೊಂಡನು. ಆಸ್ಪತ್ರೆಯಲ್ಲಿದ್ದರೆ ವಿದ್ಯುತ್ತಿನ ಆಘಾತ ಕೊಟ್ಟು ಉಳಿಸಬಹುದಾಗಿತ್ತು; ಆದರೆ ಎಷ್ಟು ದಿನ ಆಸ್ಪತ್ರೆಯಲ್ಲಿರಿಸುವುದು? ಆಘಾತ ಕೊಡುವ ಯಂತ್ರವನ್ನೇ ಚಿಕ್ಕದಾಗಿಸಿ ದೇಹದೊಳಗೆ ಇರಿಸಿದರೆ ಹೇಗೆ ಎಂಬ ಯೋಚನೆ ಶಿಷ್ಯನಿಗೆ ಬಂದಿತು. ತಜ್ಞರು ಹಲವರು ನಂಬಲಿಲ್ಲ. ಅವನು ಅಮೆರಿಕಕ್ಕೆ ಹೋಗಿ ವರ್ಷಗಟ್ಟಲೆ ಶ್ರಮಿಸಿದನು. 1980ರ ಫೆಬ್ರವರಿಯಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಅಂತಹ ಯಂತ್ರವನ್ನು ಮೊತ್ತಮೊದಲಿಗೆ ರೋಗಿಯೊಬ್ಬರಿಗೆ ಅಳವಡಿಸಲಾಯಿತು. ಡಿಫಿಬ್ರಿಲೇಟರ್ ಎಂದು ಕರೆಯುವ ಈ ಯಂತ್ರವು ಹೃದಯದ ಲಯವನ್ನು ಸದಾ ಕಾಯುತ್ತಿದ್ದು, ಕಂಪನ ಹುಟ್ಟಿದೊಡನೆಯೇ ಆಘಾತ ನೀಡಿ ಲಯವನ್ನು ಸರಿಪಡಿಸುತ್ತದೆ.

ಇದನ್ನು ಯಾರಿಗೆ ಅಳವಡಿಸಬೇಕು? ಶಸ್ತ್ರಕ್ರಿಯೆ ಬೇಕು, ವೆಚ್ಚ ಹೆಚ್ಚು, ಅಕಾರಣವಾಗಿ ಆಘಾತವಾಗುವುದೂ ಉಂಟು. ಆದುದರಿಂದ ಎಲ್ಲರಿಗೂ ಹಾಕುವಂತಿಲ್ಲ. ಹೃದಯವು ಒಂದು ಮಿಡಿತದಲ್ಲಿ ತನ್ನೊಳಗಿನ ರಕ್ತದ ಎಷ್ಟು ಪಾಲನ್ನು ಹೊರನೂಕುತ್ತದೆಂದು ಶಬ್ದಾತೀತ ಅಲೆಗಳಿಂದ ಅಳೆಯುತ್ತಾರೆ. ಆರೋಗ್ಯವಂತರಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ಶೇಕಡ 35 ಅಥವಾ ಅದಕ್ಕಿಂತ ಕಡಿಮೆಯಾದರೆ ಯಂತ್ರವನ್ನು ಅಳವಡಿಸುವ ವಿಚಾರ ಮಾಡುತ್ತಾರೆ. ಆದರೆ ಹಠಾತ್ತನೆ ಸಾಯುವವರಲ್ಲಿ ಹೆಚ್ಚಿನವರು ಈ ಗೆರೆಯಿಂದ ಮೇಲಿರುವವರು! ಅಮೆರಿಕದ ಆರೆಗನ್ ರಾಜ್ಯದಲ್ಲಿ ಭಾರತೀಯ ಮೂಲದ ವೈದ್ಯ ಸುಮಿತ್ ಚುಗ್ ಮತ್ತು ಅವರ ತಂಡವು 2002ರಿಂದ ನಡೆಸಿಕೊಂಡು ಬಂದ ಅಧ್ಯಯನವು ಇದನ್ನು ಸ್ಪಷ್ಟಪಡಿಸಿದೆ. ಒಂದೇ ಅಳತೆಗೋಲು ಸಾಲದೆಂಬುದು ಮನವರಿಕೆಯಾದುದರಿಂದಲೇ ರಕ್ತದ ಸೂಚಕಗಳ ಕಡೆಗೆ ಇಷ್ಟು ಆಸೆಯ ದೃಷ್ಟಿ.

ಹಾಗಾದರೆ ಎಲ್ಲರ ರಕ್ತವನ್ನೂ ಪರೀಕ್ಷಿಸಿಬಿಟ್ಟರಾಯಿತಲ್ಲ ಎಂದು ತೋರಬಹುದು. ನೀವು ಕಲಿತ ಸರಳ ಗಣಿತದಿಂದಲೇ ಇದನ್ನು ವಿಚಾರಿಸಿ ನೋಡಿ. ಒಂದು ಲಕ್ಷ ಜನರಿರುವ ಪಟ್ಟಣವೊಂದನ್ನು ಊಹಿಸಿಕೊಳ್ಳಿ. ಅಲ್ಲಿ ವರ್ಷಕ್ಕೆ 100 ಮಂದಿ ಹಠಾತ್ ಹೃದಯ ಮರಣಕ್ಕೆ ತುತ್ತಾಗುವರೆಂದು ಇಟ್ಟುಕೊಳ್ಳೋಣ. ನಮ್ಮಲ್ಲಿ ಒಂದು ಉತ್ತಮ ಪರೀಕ್ಷೆಯಿದೆ. ಅಪಾಯವಿರುವ ನೂರರಲ್ಲಿ 90 ಮಂದಿಯನ್ನು ಅದು ಸರಿಯಾಗಿ ಹಿಡಿಯುತ್ತದೆ. ಅಪಾಯವಿಲ್ಲದ ನೂರರಲ್ಲಿ 90 ಮಂದಿಯನ್ನು ಸರಿಯಾಗಿ ಬಿಟ್ಟುಬಿಡುತ್ತದೆ. ಈಗ ಲೆಕ್ಕ ಹಾಕಿ. ಸಾಯಲಿರುವ 100 ಮಂದಿಯಲ್ಲಿ 90 ಮಂದಿ ಸಿಕ್ಕಿದರು. 10 ಮಂದಿ ತಪ್ಪಿಸಿಕೊಂಡರು. ಉಳಿದ 99,900 ಮಂದಿಯಲ್ಲಿ ಹತ್ತನೆಯ ಒಂದು ಪಾಲು, ಎಂದರೆ 9,990 ಮಂದಿ, ಸುಮ್ಮಸುಮ್ಮನೆ ಸಿಕ್ಕಿಬಿದ್ದರು. ಒಟ್ಟು 10,080 ಜನರ ಮನೆಗೆ ಅಪಾಯದ ಚೀಟಿ ಹೋಯಿತು. ಅವರಲ್ಲಿ ನಿಜವಾಗಿ ಅಪಾಯಕ್ಕೊಳಗಾದವರು 112ಕ್ಕೆ ಒಬ್ಬರು. ಉಳಿದ 111 ಮಂದಿ ನಿದ್ದೆಗೆಟ್ಟರು. ತಪ್ಪಿಹೋದ 10 ಮಂದಿಯಾದರೋ ತಮಗೆ ಭಯವಿಲ್ಲವೆಂದು ನೆಮ್ಮದಿಯಿಂದ ಮನೆಗೆ ನಡೆದರು.

ತಾರ್ಕಿಕರ ಹೊಗೆಯ ದೃಷ್ಟಾಂತದಲ್ಲಿಯೂ ಈ ಎರಡು ತೊಡಕುಗಳಿವೆ. ಮುಂಜಾನೆಯ ಮಂಜನ್ನು ಹೊಗೆಯೆಂದು ಭ್ರಮಿಸುವುದುಂಟು, ಅಲ್ಲಿ ಬೆಂಕಿಯಿರುವುದಿಲ್ಲ. ಕಮ್ಮಾರನ ಕುಲುಮೆಯಿಂದ ತೆಗೆದ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿರುತ್ತದೆ, ಅಲ್ಲಿ ಹೊಗೆಯಿರುವುದಿಲ್ಲ. ಟ್ರೋಪೊನಿನ್ ಮೂತ್ರಪಿಂಡಗಳ ರೋಗದಲ್ಲಿಯೂ ಏರಬಹುದು. ಬರಿಯ ನೆಗಡಿ ಜ್ವರದಿಂದಲೇ ಸಿ.ಆರ್.ಪಿ. ಹೆಚ್ಚಬಹುದು. ಆದುದರಿಂದ ಇಂದಿಗೂ ಕೇವಲ ಒಂದು ರಕ್ತಪರೀಕ್ಷೆಯನ್ನು ನಂಬಿ ಯಾರಿಗೂ ಯಂತ್ರವನ್ನು ಅಳವಡಿಸುವುದಿಲ್ಲ. ವಯಸ್ಸು, ವಂಶದ ಚರಿತ್ರೆ, ಇ.ಸಿ.ಜಿ., ಹೃದಯದ ಬಲ, ರಕ್ತದ ಹಲವು ಸೂಚಕಗಳು ಇವೆಲ್ಲವನ್ನೂ ಒಟ್ಟಾಗಿ ತೂಗಿನೋಡುವ ವಿಧಾನಗಳನ್ನು ವಿಜ್ಞಾನಿಗಳು ರೂಪಿಸುತ್ತಿದ್ದಾರೆ. ಒಬ್ಬನೇ ಸಾಕ್ಷಿಯ ಮಾತಿಗಿಂತ ಹಲವು ಸಾಕ್ಷಿಗಳ ಹೊಂದಿಕೆಯಾದ ಮಾತು ನ್ಯಾಯಾಧೀಶನಿಗೆ ಹೆಚ್ಚು ನೆರವಾಗುವುದಲ್ಲವೆ?

ಇನ್ನೂ ಒಂದು ಮಾತಿದೆ. ಸೂಚಕಗಳು ತಿಳಿಸುವುದು ಗುಂಪಿನ ಅಪಾಯವನ್ನು, ವ್ಯಕ್ತಿಯ ಹಣೆಬರಹವನ್ನಲ್ಲ. ‘ಈ ಬಗೆಯ ಸಾವಿರ ಜನರಲ್ಲಿ ಇಷ್ಟು ಮಂದಿಗೆ ಅಪಾಯವಿದೆ’ ಎಂದು ಅವು ಹೇಳಬಲ್ಲವು; ಆ ಸಾವಿರದಲ್ಲಿ ಯಾರಿಗೆ, ಯಾವ ದಿನ ಎಂದು ಹೇಳಲಾರವು. ಡೆನ್ಮಾರ್ಕಿನ ಕಾಲ್ಚೆಂಡಿನ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ 2021ರ ಜೂನ್ 12ರಂದು ಕೋಪನ್‌ಹೇಗನ್ ನಗರದಲ್ಲಿ ಆಡುತ್ತಿದ್ದಂತೆಯೇ ಕುಸಿದುಬಿದ್ದನು. ಅವನ ಹೃದಯ ನಿಂತಿತ್ತು. ಹಿಂದೆ ಅವನು ಲಂಡನ್ನಿನ ತಂಡದಲ್ಲಿದ್ದಾಗ ನಡೆಸಿದ ಪರೀಕ್ಷೆಗಳಲ್ಲಿ ದೋಷವೇನೂ ಕಂಡುಬಂದಿರಲಿಲ್ಲ. ಅವನನ್ನು ಉಳಿಸಿದುದು ಮುನ್ಸೂಚನೆಯಲ್ಲ. ಮೈದಾನದಲ್ಲಿಯೇ ಕೂಡಲೆ ಎದೆಯನ್ನೊತ್ತಿ, ವಿದ್ಯುತ್ ಆಘಾತ ನೀಡಿದವರ ಸಿದ್ಧತೆ. ಅವನಿಗೆ ಮಿರೊವ್‌ಸ್ಕಿಯ ಯಂತ್ರದ ಇಂದಿನ ರೂಪವನ್ನು ಅಳವಡಿಸಲಾಯಿತು. ಮರುವರ್ಷ ಅವನು ಮತ್ತೆ ಆಟಕ್ಕಿಳಿದನು.

ಎದೆಯನ್ನೊತ್ತುವ ಈ ವಿಧಾನವನ್ನು ಜಾನ್ಸ್ ಹಾಪ್‌ಕಿನ್ಸಿನ ಕೌವನ್‌ಹೋವನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು 1960ರಲ್ಲಿ ಪ್ರಕಟಿಸಿದರು. ಇದಕ್ಕೆ ಔಷಧ ಬೇಡ, ಉಪಕರಣ ಬೇಡ. ಎರಡು ಕೈಗಳೂ ಧೈರ್ಯವೂ ಇದ್ದರೆ ಸಾಕು. ಕುಸಿದುಬಿದ್ದವರು ಕರೆದರೂ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ, ಒಬ್ಬರು 108 ಸಂಖ್ಯೆಗೆ ಕರೆಮಾಡಬೇಕು. ಇನ್ನೊಬ್ಬರು ಅವರನ್ನು ಗಟ್ಟಿನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈಯ ಮೇಲೆ ಅಂಗೈಯನ್ನಿಟ್ಟು, ವಯಸ್ಕರಾದರೆ ಸುಮಾರು 5 ಸೆಂಟಿಮೀಟರ್ ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಬೇಕು. ನೆರವು ಬರುವವರೆಗೆ ನಿಲ್ಲಿಸಬಾರದು. ಬಲ್ಲವರಿಂದ ಇದನ್ನು ಅಭ್ಯಾಸ ಮಾಡಿಕೊಂಡರೆ ನಿಮ್ಮ ವಯಸ್ಸಿನ ಹುಡುಗ ಹುಡುಗಿಯರೂ ಇದನ್ನು ಮಾಡಬಲ್ಲರು.

ಪ್ರಯೋಗಾಲಯದ ನೆರವಿಲ್ಲದೆ ನಾವೇ ಗಮನಿಸಬಹುದಾದ ಸೂಚನೆಗಳೂ ಇವೆ. ಓಡುವಾಗ ಅಥವಾ ಆಡುವಾಗ ಮೂರ್ಛೆ ಹೋಗುವುದು, ಶ್ರಮದಿಂದ ಎದೆ ನೋಯುವುದು, ಎಳೆಯ ವಯಸ್ಸಿನಲ್ಲಿ ಫಕ್ಕನೆ ತೀರಿಕೊಂಡ ಹತ್ತಿರದ ಬಂಧುಗಳಿರುವುದು, ಇವುಗಳಲ್ಲಿ ಯಾವುದಿದ್ದರೂ ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು. ‘ಬಿಸಿಲಿಗೆ ತಲೆ ಸುತ್ತಿತು’ ಎಂದು ತಳ್ಳಿಹಾಕಿದ ಒಂದು ಮೂರ್ಛೆಯೇ ಹೃದಯವು ಕಳುಹಿಸಿದ ಮೊದಲ ಪತ್ರವಾಗಿರಬಹುದು. ತಾಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ದೂರದ ತಜ್ಞರ ಸಲಹೆ ಪಡೆದು ಚಿಕಿತ್ಸೆ ನೀಡುವ ಯೋಜನೆಯೊಂದನ್ನು ಕರ್ನಾಟಕ ಸರ್ಕಾರವು ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿಯೇ ಆರಂಭಿಸಿದೆ. ಮನೆಯ ಹಿರಿಯರು ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳುವಂತೆ ನೆನಪಿಸುವುದು, ಬೀಡಿ ಸಿಗರೇಟುಗಳನ್ನು ಬಿಡಿಸುವುದು ಮಕ್ಕಳ ಕೈಯಲ್ಲಿಯೂ ಇದೆ. ಫ್ರೇಮಿಂಗ್‌ಹ್ಯಾಮಿನ ಜನರು ಕಲಿಸಿಕೊಟ್ಟ ಈ ಹಳೆಯ ಪಾಠವನ್ನು ಯಾವ ಹೊಸ ಸೂಚಕವೂ ಅಳಿಸಿಹಾಕಿಲ್ಲ.

ಒಂದು ಹನಿ ರಕ್ತದಲ್ಲಿ ನಾಳೆಯ ಸಮಾಚಾರವನ್ನು ಓದುವ ವಿದ್ಯೆ ಇನ್ನೂ ಬೆಳೆಯುತ್ತಿದೆ. ಅಕ್ಷರಗಳು ಕೆಲವು ಸ್ಪಷ್ಟವಾಗಿವೆ, ಕೆಲವು ಮಸುಕಾಗಿವೆ. ಅವನ್ನು ಪೂರ್ತಿಯಾಗಿ ಓದುವವರು ಮುಂದಿನ ಪೀಳಿಗೆಯವರು. ಗುರುವು ಹೊರಗೆ ಹೋಗಿದ್ದಾಗಲೂ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದ ಫ್ಲ್ಯಾಕನಂತಹ ವಿದ್ಯಾರ್ಥಿಗಳು. ಅಲ್ಲಿಯವರೆಗೆ, ಕಂಡ ಹೊಗೆಯನ್ನು ಅಲಕ್ಷಿಸದೆ, ಮಂಜನ್ನು ಕಂಡು ಬೆದರದೆ, ಬೆಂಕಿ ಹೊತ್ತಿದಾಗ ನೀರು ತರಲು ಸಿದ್ಧರಾಗಿರುವುದು ನಮ್ಮೆಲ್ಲರ ಕರ್ತವ್ಯ.